ಜೀಪಿಗೊಂದು ಜಾಕ್

ಕುಡುಗೋಲುಗಳನ್ನು ತಿಕ್ಕಿಯಾಗಿತ್ತು. ಗುದ್ದಲಿಗೆ ಅಂಟಿದ ಶುಂಠಿ ಹೊಲದ ಮಣ್ಣು ಇನ್ನೂ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ವೀಣಾ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹುಣಸೆಹಣ್ಣು ಮೆತ್ತಿದ ತೆಂಗಿನ ನಾರಿನಿಂದ ಜೀಪಿನ ಹಳೆಯ ಜಾಕನ್ನು ಉಜ್ಜುತ್ತಿದ್ದಳು. ಆಯುಧಪೂಜೆಯ ಬೆಳಗ್ಗೆ ಮನೆಯ ಕಬ್ಬಿಣವೆಲ್ಲ ಮಿಂದು ಮಡಿಯಾಗಬೇಕು. ಅದು ಅತ್ತೆ ಮುತ್ತಮ್ಮನವರ ಕಟ್ಟಳೆ. ಇನ್ನೊಂದು ಸಲ ಒತ್ತಿ ಉಜ್ಜಿದ್ದೇ ತಡ, ಜಾಕಿನ ತಿರುಪು ಬುಡಸಮೇತ ಕಳಚಿಕೊಂಡು ಅವಳ ಅಂಗೈಗೆ ಬಂತು. ಮುದುಕರ ಹಲ್ಲು ಊಟದ ನಡುವೆ ನೋವಿಲ್ಲದೆ ಬಿದ್ದುಹೋಗುವ ಹಾಗೆ.

ಅತ್ತಿತ್ತ ನೋಡಿದಳು. ಯಾರೂ ಇರಲಿಲ್ಲ. ತಿರುಪನ್ನು ಮತ್ತೆ ಅದರ ತೂತಿಗೆ ಕೂರಿಸಿ, ಏನೂ ಆಗಿಲ್ಲವೆಂಬಂತೆ ಕುಡುಗೋಲುಗಳ ಪಕ್ಕದಲ್ಲಿ ನಿಲ್ಲಿಸಿದಳು. ಜಾಕು ಸ್ವಲ್ಪ ಹೊತ್ತು ಯೋಚಿಸಿ, ಮೆಲ್ಲಗೆ ಬಲಕ್ಕೆ ವಾಲಿ, ಠಣ್ಣೆಂದು ಬಿತ್ತು.

"ಏನೇ ಅದು ಸದ್ದು?" ಒಳಗಿನಿಂದ ಮುತ್ತಮ್ಮ ಕೂಗಿದರು.

"ಏನಿಲ್ಲ ಅತ್ತೆ."

ಏನಿಲ್ಲ ಅಂದದ್ದಕ್ಕೇ ಮುತ್ತಮ್ಮ ಹೊರಗೆ ಬಂದರು. ಬಿದ್ದ ಜಾಕನ್ನೂ ಸೊಸೆಯ ಮುಖವನ್ನೂ ನೋಡಿದರು.

"ಮುರಿದಿದ್ದನ್ನ ಪೂಜೆಗೆ ಇಡಂಗಿಲ್ಲ ಕಣವ್ವ. ಬ್ಯಾರೆ ತರ್ಬೇಕು. ಮನೆ ಆಯುಧ ಒಂದನ್ನ ಬಿಟ್ಟು ಪೂಜೆ ಮಾಡಿದ್ರೆ ಅದು ವರ್ಷವೆಲ್ಲ ಮುನಿಸ್ಕತ್ತದೆ. ಹೋದ ವರ್ಷ ಪಂಪ್‌ಸೆಟ್ಟಿಗೆ ಕುಂಕುಮ ಇಕ್ಕೋದು ಮರ್ತಿದ್ದಕ್ಕೆ ಏನಾಯ್ತು?"

ಮೋಟಾರು ಸುಟ್ಟುಹೋಗಿತ್ತು. ಅದು ಸುಟ್ಟದ್ದು ಕರೆಂಟಿನ ಏರುಪೇರಿನಿಂದ ಎಂದು ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅಂಗಳದಲ್ಲಿ ಟ್ರ್ಯಾಕ್ಟರಿಗೆ ಪೈಪಿನಿಂದ ನೀರು ಬಿಡುತ್ತಿದ್ದ ಗಂಡ ಶಿವಪ್ರಕಾಶನಿಗೂ ಸುದ್ದಿ ಮುಟ್ಟಿತು. ಅವನು ಪೈಪು ಹಿಡಿದುಕೊಂಡೇ ಹಿತ್ತಿಲಿಗೆ ಬಂದ. "ಜಾಕ್ ಹೋಯ್ತಾ? ಹಂಗಾದ್ರೆ ನೀನು ಇವತ್ತು ಹೋಗೋದೂ ಹೋಯ್ತು."

ವೀಣಾ ಕೈಯಲ್ಲಿದ್ದ ತೆಂಗಿನ ನಾರನ್ನು ಬಕೆಟ್ಟಿಗೆ ಎಸೆದಳು.

ಮಧ್ಯಾಹ್ನದ ಊಟ ಮುಗಿಸಿಕೊಂಡು ಅವಳು ಅಕ್ಕನ ಮನೆಗೆ ಹೊರಡುವವಳಿದ್ದಳು. ಅಕ್ಕ ವನಜಮ್ಮನ ಮನೆ ಇರುವುದು ಸೋಮವಾರಪೇಟೆಯಾಚೆಗಿನ ಒಂದು ಗುಡ್ಡದ ಮೇಲೆ. ಹೋದ ವಾರ ಅಕ್ಕ ಫೋನ್ ಮಾಡಿದ್ದಳು: "ಮನೆಯವರೆಲ್ಲ ಜಂಬೂಸವಾರಿ ನೋಡೋಕೆ ಮೈಸೂರಿಗೆ ಹೋಗ್ತಾರೆ ಕಣೇ. ಆಯುಧಪೂಜೆ ರಾತ್ರಿ ನಾನೊಬ್ಳೇ. ಬಾರೇ, ನೀನೂ ಒಬ್ಳೇ ಬಾ. ಅಡುಗೆ ಗಿಡುಗೆ ಏನೂ ಬೇಡ, ಗಂಜಿ ಕುಡ್ಕೊಂಡು ಕೂತ್ಕೊಳ್ಳೋಣ." ಅಕ್ಕತಂಗಿಯರು ಒಂದೇ ಕಂಬಳಿಯಡಿ ಮಲಗಿ ಮಾತಾಡಿ ಎಷ್ಟು ವರ್ಷವಾಗಿತ್ತೋ. ಹಬ್ಬ, ಮದುವೆ, ತಿಥಿ ಅಂತ ಸೇರುತ್ತಿದ್ದರು, ನಿಜ. ಆದರೆ ಸೇರಿದಾಗಲೆಲ್ಲ ಒಬ್ಬಳ ಕೈಯಲ್ಲಿ ಸೌಟು, ಇನ್ನೊಬ್ಬಳ ಕೈಯಲ್ಲಿ ಈಳಿಗೆಮಣೆ. ಆಡಿದ ಮಾತೆಲ್ಲ ಉಪ್ಪು ಸಾಕಾ, ಖಾರ ಸಾಕಾ ಅಷ್ಟೇ.

ಈ ಸಲ ಹಾಗಾಗುವುದಿಲ್ಲ ಎಂದು ವೀಣಾ ಹಿಂದಿನ ದಿನವೇ ಒಂದು ಜೊತೆ ಬಟ್ಟೆಯನ್ನು ಚೀಲಕ್ಕೆ ತುಂಬಿ ಜೀಪಿನ ಹಿಂದಿನ ಸೀಟಿನ ಅಡಿಗೆ ತಳ್ಳಿ ಇಟ್ಟಿದ್ದಳು. ಜೀಪು ಓಡಿಸಲು ಅವಳು ಕಲಿತದ್ದು ಗಂಡನಿಗೆ ಸೊಂಟ ಹಿಡಿದುಕೊಂಡಿದ್ದಾಗ. ಸೊಂಟ ಸರಿಯಾಯಿತು; ಬೀಗದ ಕೈ ಮಾತ್ರ ಅವಳು ವಾಪಸ್ಸು ಕೊಟ್ಟಿರಲಿಲ್ಲ. ಶಿವಪ್ರಕಾಶ ಅದಕ್ಕೆ ಬೇಜಾರು ಮಾಡಿಕೊಳ್ಳುವವನೂ ಅಲ್ಲ. ಆದರೆ ಅಕ್ಕನ ಮನೆಯ ಕೊನೆಯ ಒಂದು ಮೈಲಿ ಕೆಂಪು ಮಣ್ಣಿನ ದಾರಿ. ಗೌರಿಹಬ್ಬಕ್ಕೆ ಎಲ್ಲರೂ ಹೋಗಿದ್ದಾಗ ಅಲ್ಲಿ ಚಕ್ರ ಹೂತು, ಇದೇ ಹಳೆಯ ಜಾಕನ್ನು ಇಟ್ಟು ತಿರುಗಿಸಿದರೆ ಜೀಪು ಮೇಲೇಳುವ ಬದಲು ಜಾಕೇ ಕೆಳಗಿಳಿದಿತ್ತು, ಪಾಯಸದಲ್ಲಿ ಚಮಚ ಮುಳುಗಿದ ಹಾಗೆ.

"ಆ ದಾರೀಲಿ ಜಾಕ್ ಇಲ್ದೆ ಒಬ್ಳನ್ನ ಕಳ್ಸಲ್ಲ, ಅಷ್ಟೇ," ಅಂದ ಶಿವಪ್ರಕಾಶ. "ಜಾಕ್ ಇದ್ರೆ ಹೋಗು, ನಂದೇನೂ ತಕರಾರಿಲ್ಲ."

"ಈಗ್ಲೇ ಕುಶಾಲನಗರಕ್ಕೆ ಹೋಗಿ ತರ್ತೀನಿ."

"ಬರ್ತಾ ಒಂದು ಬೂದುಗುಂಬಳಕಾಯಿ ತಗಂಬಾ," ಎಂದರು ಮುತ್ತಮ್ಮ. "ನಿಂಬೆಹಣ್ಣು ಮನೇಲದೆ."

ಜೀಪು ಬೀದಿಗಿಳಿಯುವಷ್ಟರಲ್ಲಿ ಪಕ್ಕದ ಮನೆಯ ಕೆಂಪಣ್ಣ ಕೈ ಅಡ್ಡ ಹಿಡಿದು ನಿಂತಿದ್ದ. ಕೆಂಪಣ್ಣನಿಗೆ ಟ್ರ್ಯಾಕ್ಟರಿತ್ತು, ಟ್ರೈಲರಿತ್ತು, ಸ್ವಂತ ಜಾಕು ಮಾತ್ರ ಇರಲಿಲ್ಲ. ಬೀದಿಯವರ ಜಾಕೆಲ್ಲ ತನ್ನದೇ ಅನ್ನುವ ವಿಶಾಲ ಮನಸ್ಸಿತ್ತು.

"ಜಾಕ್ ತರಕ್ ಹೊಂಟಂತೆ? ಹೆಂಗಸ್ರು ಒಬ್ರೇ ಹೋದ್ರೆ ಯಾಮಾರಿಸ್ತಾರೆ ಕಣವ್ವ. ನಾನೂ ಬತ್ತೀನಿ ತಡಿ." ಅವಳು ತಡೆಯುವ ಮೊದಲೇ ಹತ್ತಿ ಕೂತಿದ್ದ.

*

ಕುಶಾಲನಗರದಲ್ಲಿ ಚಿದಾನಂದನ ಬಿಡಿಭಾಗಗಳ ಅಂಗಡಿಯ ಶಟರು ಅರ್ಧ ಇಳಿದಿತ್ತು. ಒಳಗೆ ಊದುಬತ್ತಿಯ ಹೊಗೆ, ಗ್ರೀಸಿನ ವಾಸನೆ, ಗಲ್ಲಾಪೆಟ್ಟಿಗೆಗೆ ಹೂವಿನ ಹಾರ. ವೀಣಾ ಬಗ್ಗಿ ಒಳಗೆ ಹೋದಳು.

"ಜಾಕ್ ಬೇಕಿತ್ತು."

"ಯಾವ ಜಾಕ್ ಅಕ್ಕ?" ಕೇಳಿದ ಚಿದಾನಂದ.

ಈ ಪ್ರಶ್ನೆಯನ್ನು ಅವಳು ನಿರೀಕ್ಷಿಸಿರಲಿಲ್ಲ. ಜಾಕಿನಲ್ಲೂ ಜಾತಿಗಳಿವೆಯೆಂದು ಯಾರೂ ಹೇಳಿರಲಿಲ್ಲ.

"ಜೀಪ್ ಎತ್ತೋ ಜಾಕ್."

"ಎಷ್ಟು ಟನ್?"

"ಒಂದು ಜೀಪಿಗೆ ಆಗೋವಷ್ಟು."

"ಹತ್ತು ಟನ್ನಿಂದು ಕೊಡಪ್ಪ," ಹಿಂದಿನಿಂದ ಕೆಂಪಣ್ಣ ಹೇಳಿದ.

"ಜೀಪು ಎರಡು ಟನ್ನೂ ಇರಲ್ವಲ್ಲ ಮಾವ."

"ಇರ್ಲವ್ವ. ಶುಂಠಿ ಮೂಟೆ ಹೇರಿದ್ರೆ? ಕಬ್ಬಿಣದ ಟ್ರೈಲರ್ರು…" ಅಂದವನು ಕೆಮ್ಮಿ ನಿಲ್ಲಿಸಿದ.

ಚಿದಾನಂದ ಒಂದೊಂದನ್ನಾಗಿ ತಂದು ನೆಲದ ಮೇಲೆ ಸಾಲಾಗಿ ಇಟ್ಟ. ವೀಣಾ ನೋಡಿದಳು. ಟ್ರಾಲಿ ಜಾಕ್ ಅನ್ನುವುದು ಗಾಲಿಗಳ ಮೇಲೆ ಚಪ್ಪಟೆಯಾಗಿ ಮಲಗಿ, ಹಾರಂಗಿ ಹಿನ್ನೀರಿನ ಮೊಸಳೆಯಂತೆ ಬಾಯಿ ತೆರೆದುಕೊಂಡಿತ್ತು. ಗಾಳಿಚೀಲದ ಜಾಕ್ ಅನ್ನುವುದು ಮಡಿಸಿಟ್ಟ ರಬ್ಬರ್ ದಿಂಬು. ಗೋಡೆಗೆ ಒರಗಿದ್ದ ಇನ್ನೊಂದು, ಮೈತುಂಬ ತೂತಿದ್ದ ನಾಲ್ಕಡಿ ಕಬ್ಬಿಣ, ಅದಕ್ಕೊಂದು ಉದ್ದದ ಹಿಡಿ. ಎಸ್ಟೇಟಿನ ರೈಟರ್ ಕೊಡೆ ಹಿಡಿದು ಆಳುಗಳನ್ನು ಎಣಿಸುತ್ತಾ ನಿಂತ ಹಾಗಿತ್ತು.

"ಇನ್ನೊಂದು ಬಾಟಲ್ ಜಾಕ್ ಅಂತ ಇದೆ ಅಕ್ಕ. ಪಂಪ್ ಒತ್ತಿದ್ರೆ ಒಳಗಿನ ಆಯಿಲ್ ಮೇಲೆತ್ತುತ್ತೆ. ತೋರಿಸ್ತಿದ್ದೆ, ಆದ್ರೆ ತೋರ್ಸೋ ಪೀಸು ಪೂಜೆಗೆ ಕೂತ್‌ಬಿಟ್ಟಿದೆ." ದೇವರ ಪಟದ ಮುಂದೆ, ಸ್ಪ್ಯಾನರುಗಳ ನಡುವೆ, ಕುಂಕುಮವಿಟ್ಟುಕೊಂಡ ಒಂದು ಗಿಡ್ಡ ಜಾಕು ಕೂತಿತ್ತು.

ವೀಣಾ ನಕ್ಕುಬಿಟ್ಟಳು. "ಜಾಕ್ ಮಾರೋ ಅಂಗಡೀಲಿ ಜಾಕ್ ಮುಟ್ಟೋ ಹಾಗಿಲ್ವಾ?"

"ನಾಳೆ ಬೆಳಗ್ಗೆ ಪೂಜೆ ಇಳಿಸೋವರೆಗೂ ನಮ್ಮಪ್ಪ ಬಂದು ಕೇಳಿದ್ರೂ ಇಲ್ಲ ಅಕ್ಕ. ಹೊಸ ಪೀಸು ಗೋಡೌನಲ್ಲಿದೆ, ಬೇಕಂದ್ರೆ ತರಿಸ್ತೀನಿ."

ಅಷ್ಟರಲ್ಲಿ ವೀಣಾಳ ಫೋನ್ ಹೊಡೆದುಕೊಂಡಿತು. ಶಿವಪ್ರಕಾಶ. "ಟ್ರಾಲಿ ಜಾಕ್ ತಗೋ. ಈಗಷ್ಟೇ ವಿಡಿಯೋ ನೋಡ್ದೆ. ಒಬ್ಬ ಒಂದೇ ಕೈಲಿ ಎತ್ತಿ, ಇನ್ನೊಂದ್ ಕೈಲಿ ಕಾಫಿ ಕುಡೀತಾ ಇದ್ದ."

ಫೋನಿನ ಧ್ವನಿ ಅಂಗಡಿಗೆಲ್ಲ ಕೇಳಿಸಿತ್ತು. ಚಿದಾನಂದ ತಲೆಯಾಡಿಸಿದ. "ಅದು ಸಿಮೆಂಟ್ ನೆಲಕ್ಕೆ ಅಣ್ಣ. ಮಣ್ಣಲ್ಲಿ ಗಾಲಿ ಹೂತೋಗ್ತವೆ."

"ಹಾಗಾದ್ರೆ ಆ ದಿಂಬು?" ಎಂದಳು ವೀಣಾ. ಅದನ್ನು ಎತ್ತಿದರೆ ಹಗುರವಾಗಿತ್ತು, ಅದಕ್ಕೇ ಅವಳಿಗೆ ಸ್ವಲ್ಪ ಆಸೆ.

"ಇದು ಬೆಸ್ಟು ಅಕ್ಕ! ಕೆಸರಿಗೆ ಅಂತಾನೇ ಮಾಡಿರೋದು. ಪೈಪನ್ನ ಸೈಲೆನ್ಸರಿಗೆ ಸಿಗಿಸಿ ಗಾಡಿ ಸ್ಟಾರ್ಟ್ ಮಾಡಿದ್ರೆ ಹೊಗೆ ತುಂಬ್ಕೊಂಡು ಉಬ್ಬುತ್ತೆ, ಗಾಡಿ ಮೇಲೇಳುತ್ತೆ."

"ಹೊಗೆ ಮ್ಯಾಲೆ ಜೀಪ್ ನಿಲ್ಸ್ತೀಯೇನಯ್ಯ?" ಕೆಂಪಣ್ಣನ ಹುಬ್ಬು ಹಣೆಯ ತುದಿಗೆ ಏರಿತು. "ಇವರ ಜೀಪಿನ ಸೈಲೆನ್ಸರ್ ಜರಡಿ ಆಗದೆ. ದಿಂಬು ಉಬ್ಬೋದ್ರೊಳಗೆ ನಮ್ ಮೂಗೆಲ್ಲ ಮಸಿ ಆಗ್ತದೆ."

ಅದು ನಿಜವಾಗಿತ್ತು. ವೀಣಾ ದಿಂಬನ್ನು ಕೆಳಗಿಟ್ಟಳು. ಸೀರೆ ಅಂಗಡಿಯಲ್ಲಾದರೆ ಅವಳೇ ಬೇಡ ಅಂದರೂ ಬಿಡದೆ, ನಿಮಗೆ ಯಾವುದು ಇಷ್ಟ, ನಿಮಗೆ ಯಾವುದು ಒಪ್ಪುತ್ತೆ ಎಂದು ಪೀಡಿಸುತ್ತಾರೆ. ಇಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಜಾಕು ಒತ್ತುವವಳು ಯಾರು ಅನ್ನುವುದು ಮಾತ್ರ ಯಾರಿಗೂ ನೆನಪಿದ್ದಂತಿರಲಿಲ್ಲ. ಕೇಳಿದಷ್ಟೂ ಅವಳಿಗೇ ಮರೆತುಹೋಗುತ್ತಿತ್ತು.

ಮೂಲೆಯಲ್ಲಿ ಕ್ಲಚ್ ಪ್ಲೇಟ್ ನೋಡುತ್ತಿದ್ದ ಒಬ್ಬರು ಈಗ ತಿರುಗಿದರು. ಎತ್ತರದ ಆಳು, ಮೀಸೆ ಮುಖಕ್ಕಿಂತ ಸ್ವಲ್ಪ ಮುಂದೆ ಬರುತ್ತಿತ್ತು. ಮಡಿಕೇರಿ ಕಡೆಯ ಕಾಫಿ ಬೆಳೆಗಾರ ಮೊಣ್ಣಪ್ಪ. ಮಳೆಗಾಲದಲ್ಲಿ ಕೆಸರಿನ ಜೀಪ್ ರ‍್ಯಾಲಿಗಳಿಗೆ ಹೋಗುವವರು ಎಂದು ಚಿದಾನಂದ ಪರಿಚಯ ಮಾಡಿಕೊಟ್ಟ.

"ಮೇಡಂ, ಮಡ್ ರೋಡ್ ಅಲ್ವಾ ನಿಮ್ದು? ಹಾಗಾದ್ರೆ ಬೇರೆ ಮಾತೇ ಇಲ್ಲ." ಗೋಡೆಗೆ ಒರಗಿದ್ದ ಎಸ್ಟೇಟ್ ರೈಟರನ್ನು ಒಂದೇ ಕೈಯಲ್ಲಿ ಎತ್ತಿದರು. "ಹೈ ಲಿಫ್ಟ್! ಇದ್ರಲ್ಲಿ ಗಾಡಿ ಎತ್ತಬಹುದು, ಎಳೀಬಹುದು, ಕಾಫಿ ಬೊಡ್ಡೆ ಕೀಳಬಹುದು, ಬೇಲಿ ಕಂಬ ಕೀಳಬಹುದು."

"ನಾನು ಅಕ್ಕನ ಮನೆಗೆ ಹೋಗೋದು ಅಷ್ಟೇ," ಅಂದಳು ವೀಣಾ.

"ಬೇಲಿ ಕಂಬ ಕೀಳಬಹುದಾ?" ಕೆಂಪಣ್ಣ ಒಂದು ಹೆಜ್ಜೆ ಮುಂದೆ ಬಂದ. ಹತ್ತು ಟನ್ನಿನ ಮೇಲಿನ ಅವನ ಪ್ರೀತಿ ಆ ಕ್ಷಣವೇ ಕೊನೆಗೊಂಡಿತು.

"ನೋಡಿ ಮೇಡಂ, ಎಂತ ಸುಲಭ ಉಂಟು ಅಂತ. ನಿಮ್ಮ ಗಾಡಿಗೇ ಹಾಕಿ ತೋರಿಸ್ತೇನೆ."

ಬೇಡ ಅನ್ನಲು ವೀಣಾ ಬಾಯಿ ತೆರೆದಳು. ಆದರೆ ಮೊಣ್ಣಪ್ಪ, ಕೆಂಪಣ್ಣ, ಚಿದಾನಂದ ಮೂವರೂ ಆಗಲೇ ಶಟರಿನಡಿ ಬಗ್ಗಿ ಬೀದಿಗೆ ಹೋಗಿಯಾಗಿತ್ತು.

ಜೀಪಿನ ಮುಂದಿನ ಬಂಪರಿಗೆ ಹೈ ಲಿಫ್ಟ್ ಸಿಕ್ಕಿಸಿ ಮೊಣ್ಣಪ್ಪ ಹಿಡಿಯನ್ನು ಮೇಲೆ ಕೆಳಗೆ ಆಡಿಸಿದರು. ಕಟಕ್, ಕಟಕ್. ಬಲಗಡೆಯ ಚಕ್ರ ನೆಲ ಬಿಟ್ಟು ಮೇಲೆದ್ದಿತು. ಜೀಪು ಕಂಬ ಕಂಡ ನಾಯಿಯ ಹಾಗೆ ಒಂದು ಕಾಲೆತ್ತಿ ನಿಂತಿತು. ಹೋಗಿ ಬರುವವರು ನಿಂತರು. ಬಾಳೆಕಂದು ಹೊತ್ತವನೊಬ್ಬ ಅದನ್ನು ಕೆಳಗಿಟ್ಟೇ ನೋಡತೊಡಗಿದ.

"ಈಗ ಇಳಿಸೋದು ನೋಡಿ," ಅನ್ನುತ್ತಾ ಮೊಣ್ಣಪ್ಪ ಒಂದು ಸಣ್ಣ ಕೊಕ್ಕೆಯನ್ನು ಕೆಳಕ್ಕೆ ಒತ್ತಿದರು. ಕೈ ಜಾರಿತು. ಭಾರ ಹೊತ್ತಿದ್ದ ಹಿಡಿ ರೊಯ್ಯನೆ ಮೇಲಕ್ಕೆ ಹಾರಿತು. ಮೊಣ್ಣಪ್ಪ ರ‍್ಯಾಲಿಯ ಅನುಭವದಿಂದ ತಲೆ ತಪ್ಪಿಸಿಕೊಂಡರು. ಬಾನೆಟ್ಟಿನ ಮೇಲೆ, ಬರುವಾಗ ಕೊಂಡು, ಇಳಿಯುವಾಗ ಕೆಂಪಣ್ಣ ಇಟ್ಟಿದ್ದ ಬೂದುಗುಂಬಳಕಾಯಿಗೆ ಅಂಥ ಅನುಭವವಿರಲಿಲ್ಲ. ಅದು ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಬೀದಿಯ ನಡುವೆ ಬಿದ್ದು ಎರಡು ಹೋಳಾಯಿತು.

ಬಾಳೆಕಂದಿನವನು ಬಗ್ಗಿ ಹೋಳುಗಳನ್ನು ನೋಡಿದ.

"ಒಳ್ಳೇದಾಯ್ತು ಬುಡು," ಎಂದ ಕೆಂಪಣ್ಣ. "ದೃಷ್ಟಿ ಎಲ್ಲ ಹೋಯ್ತು."

ದೃಷ್ಟಿ ಹೋಗಿರಬಹುದು, ಜೀಪು ಮಾತ್ರ ಇಳಿಯಲಿಲ್ಲ. ಹೊಡೆತಕ್ಕೆ ಒಳಗಿನ ಪಿನ್ನು ಅಡ್ಡ ಸಿಕ್ಕಿಕೊಂಡಿತ್ತು. ಮೊಣ್ಣಪ್ಪ ಬಡಿದರು, ಒದೆದರು, ಕೊಡವ ತಕ್ಕಿನಲ್ಲಿ ಏನೋ ಬೈದರು. ಹಿಂದೆ ಬಸ್ಸೊಂದು ಹಾರ್ನ್ ಹೊಡೆಯತೊಡಗಿತು. ಬಸ್ಸಿನ ಕಂಡಕ್ಟರ್ ಇಳಿದು ಬಂದು ಎಣ್ಣೆ ಬಿಡಿ ಅಂದ. ಬಾಳೆಕಂದಿನವನು ಮುಂದಕ್ಕೆ ತಳ್ಳಿ ಅಂದ. ಕೆಂಪಣ್ಣ ಎಲ್ಲರೂ ಬಂಪರಿನ ಮೇಲೆ ಕೂರೋಣ ಅಂದ. ಮತ್ತೆ ಫೋನ್ ಬಂತು.

"ಎಲ್ಲಿದೀಯೇ? ಅವ್ವ ಕಾಯ್ತಾ ಇದಾಳೆ. ಜೀಪ್ ಎಲ್ಲಿ?"

"ಮೇಲಿದೆ," ಅಂದಳು ವೀಣಾ.

"ಎಂತ ಮಾಡೋದು, ಇದರ ಮೇಲಿಂದ ಭಾರ ತೆಗೀಬೇಕು," ಅಂದರು ಮೊಣ್ಣಪ್ಪ ಕೊನೆಗೆ, ಮೀಸೆ ಒರೆಸಿಕೊಳ್ಳುತ್ತಾ. "ಅದಕ್ಕೆ ಇನ್ನೊಂದು ಜಾಕ್ ಬೇಕು."

ಚಿದಾನಂದ ಗೋಡೌನಿಗೆ ಓಡಿ ಒಂದು ಡಬ್ಬ ತಂದ. ಒಳಗಿಂದ ಬಾಟಲ್ ಜಾಕ್ ಹೊರಬಂತು. ಗಿಡ್ಡ, ಗುಂಡು, ಮದುವೆಮನೆಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತ ಸೋದರಮಾವನಂತೆ. ಅದನ್ನು ಎಲ್ಲಿಡಬೇಕು ಎಂಬುದರ ಬಗ್ಗೆ ಈಗ ಹೊಸ ಸಭೆ ಸೇರಿತು. ಮೊಣ್ಣಪ್ಪನಿಗೆ ಒಂದು ಜಾಗ, ಕೆಂಪಣ್ಣನಿಗೆ ಇನ್ನೊಂದು, ಕಂಡಕ್ಟರನಿಗೆ ಮೂರನೆಯದು.

ವೀಣಾ ನೆತ್ತಿಯ ಮೇಲೆ ಬರುತ್ತಿದ್ದ ಬಿಸಿಲನ್ನು ನೋಡಿದಳು. ಅಕ್ಕ ಈಗ ಸ್ನಾನ ಮುಗಿಸಿ, ತಲೆಗೆ ಟವೆಲು ಸುತ್ತಿಕೊಂಡು ಜಗಲಿಯಲ್ಲಿ ಕೂತಿರುತ್ತಾಳೆ. ಇವರ ಸಭೆ ಮುಗಿಯುವುದು ಯಾವಾಗ? ಡಬ್ಬಿಗಳನ್ನು ಇಡುತ್ತಿದ್ದ ಒಂದು ದಪ್ಪ ಹಲಗೆ ಅಂಗಡಿ ಬಾಗಿಲಲ್ಲಿ ಬಿದ್ದಿತ್ತು. ಅದನ್ನು ಎಳೆದು ಆಕ್ಸಲ್ಲಿನ ಕೆಳಗೆ ಹಾಕಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತು, ಹಲಗೆಯ ಮೇಲೆ ಜಾಕಿಟ್ಟು, ಸರಳು ಸಿಕ್ಕಿಸಿ ಒತ್ತಿದಳು. ಬೋರ್‌ವೆಲ್ಲಿನ ಕೈಪಂಪು ಒತ್ತಿದಷ್ಟೂ ಕಷ್ಟವಾಗಲಿಲ್ಲ. ಸದ್ದಿಲ್ಲದೆ, ಅವಸರವಿಲ್ಲದೆ ಜೀಪು ಕೂದಲೆಳೆಯಷ್ಟು ಮೇಲೆದ್ದಿತು. ಹೈ ಲಿಫ್ಟು ತಾನಾಗಿ ಸಡಿಲಗೊಂಡು ಮೊಣ್ಣಪ್ಪನ ಕಾಲಿನ ಪಕ್ಕಕ್ಕೆ ಬಿತ್ತು. ಚಿದಾನಂದ ತೋರಿಸಿದ ತಿರುಪನ್ನು ಮೆಲ್ಲಗೆ ಬಿಟ್ಟಳು. ಜೀಪು ದುಬಾರೆಯ ಆನೆ ಮಂಡಿಯೂರುವ ಹಾಗೆ ನಿಧಾನವಾಗಿ ನೆಲಕ್ಕೆ ಬಂತು.

ಸಭೆ ಇನ್ನೂ ನಡೆಯುತ್ತಿತ್ತು.

"ಇದು," ಅಂದಳು ವೀಣಾ ಎದ್ದು ನಿಂತು. "ಇದನ್ನ ಕೊಡಿ. ಎರಡು ಹಲಗೇನೂ ಕೊಡಿ."

"ಹೈಟ್ ಸಾಲೋದಿಲ್ಲ ಮೇಡಂ," ಅಂದರು ಮೊಣ್ಣಪ್ಪ.

"ಅದಕ್ಕೇ ಹಲಗೆ."

"ಬೇಲಿ ಕಂಬ ಕೀಳಕ್ಕಾಗಲ್ವಲ್ಲವ್ವ," ಅಂದ ಕೆಂಪಣ್ಣ, ಯಾರೋ ತೀರಿಕೊಂಡ ದನಿಯಲ್ಲಿ.

ಅಂಗಡಿಗೆ ಬಂದ ಮೇಲೆ ವೀಣಾ ಯಾರನ್ನೂ ಕೇಳದೆ ಮಾಡಿದ ಮೊದಲ ತೀರ್ಮಾನ ಆ ಜಾಕು. ಇನ್ನೊಂದು ಬೂದುಗುಂಬಳ ಕೊಂಡು, ಜಾಕನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಕೆಂಪಣ್ಣನನ್ನು ಹಲಗೆಗಳ ಜೊತೆ ಹಿಂದಕ್ಕೆ ಕಳಿಸಿ ತಮ್ಮೂರು ಶಿರಂಗಾಲಕ್ಕೆ ಹೊರಟಳು. ದಾರಿಯುದ್ದಕ್ಕೂ ಆಗಾಗ ಎಡಗೈಯಿಂದ ಅದರ ನೆತ್ತಿ ಮುಟ್ಟಿ ನೋಡಿದಳು.

*

ಮನೆ ಮುಟ್ಟಿದಾಗ ಅಂಗಳದಲ್ಲಿ ರಂಗೋಲಿ, ಟ್ರ್ಯಾಕ್ಟರಿಗೆ ಬಾಳೆಕಂದು, ಮುತ್ತಮ್ಮನ ಹುಬ್ಬಿನಲ್ಲಿ ಗಂಟು.

"ಈಗ ಬಂದ್ಯಾ? ಹೋಗು, ಮೈಗೆ ನೀರು ಹುಯ್ಕಂಡು ವಡೆ ಕರಿ. ಆಗ್ಲೇ ಹೊತ್ತಾಯ್ತು."

ವೀಣಾ ಓಡಿದಳು. ಸ್ನಾನ, ಸೀರೆ, ಒಲೆ, ವಡೆ. ವಡೆ ಎಣ್ಣೆಯಲ್ಲಿ ಹೊರಳುತ್ತಿದ್ದಂತೆ ಅವಳ ಮನಸ್ಸೂ ಹೊರಳುತ್ತಿತ್ತು. ಪೂಜೆ ಆದ ಕೂಡಲೇ ಊಟ. ಊಟ ಆದ ಕೂಡಲೇ ಜೀಪು. ಹೊತ್ತು ಮುಳುಗುವ ಮೊದಲು ಅಕ್ಕನ ಜಗಲಿ. ಜಾಕಿದೆ, ಹಲಗೆ ಇದೆ, ಚೀಲ ಸೀಟಿನ ಅಡಿಯಲ್ಲಿದೆ. ಇನ್ನು ಯಾರೂ ಏನೂ ಹೇಳುವ ಹಾಗಿಲ್ಲ.

ವಡೆಯ ತಟ್ಟೆ ಹಿಡಿದು ಅಂಗಳಕ್ಕೆ ಬಂದವಳು ಅಲ್ಲೇ ನಿಂತುಬಿಟ್ಟಳು.

ಮಣೆಯ ಮೇಲೆ ಬಾಳೆಲೆ. ಬಾಳೆಲೆಯ ಮೇಲೆ ಕುಡುಗೋಲು, ಕತ್ತಿ, ಗುದ್ದಲಿ, ಔಷಧಿ ಹೊಡೆಯುವ ಪಂಪು. ಎಲ್ಲಕ್ಕಿಂತ ಮುಂದೆ, ನಟ್ಟನಡುವೆ ಅವಳ ಜಾಕು. ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಕೊರಳಿಗೊಂದು ಸೇವಂತಿಗೆ ಮಾಲೆ, ನೆತ್ತಿಯ ಮೇಲೆ ಚೆಂಡುಹೂವು. ಮೊದಲ ದೀಪಾವಳಿಗೆ ಬಂದ ಅಳಿಯನಂತೆ ಗತ್ತಿನಲ್ಲಿ ಕೂತಿತ್ತು. ಮುತ್ತಮ್ಮ ಅದಕ್ಕೆ ಆಗಷ್ಟೇ ಮಂಗಳಾರತಿ ಎತ್ತಿ ಮುಗಿಸಿದ್ದರು.

"ಅತ್ತೆ," ಅಂದಳು ವೀಣಾ. "ಅದು ನಂಗೆ ಬೇಕಿತ್ತು."

"ಬೇಕಿತ್ತು ಅಂತಾನೇ ಅಲ್ವೇ ತರ್ಸಿದ್ದು? ಹೊಸ ಆಯುಧ, ಮೊದ್ಲ ಪೂಜೆ. ಶಿವು ಜೀಪಿಂದ ಇಳಿಸ್ಕೊಟ್ಟ. ನಾಳೆ ಬೆಳಗ್ಗೆ ಇಳಿಸ್ತೀವಲ್ಲ, ಆಮ್ಯಾಕೆ ನಿಂದೇ."

"ನಾನು ಇವತ್ತು ಹೋಗ್ಬೇಕಲ್ಲ."

"ಪೂಜೆಗೆ ಕೂತ ಆಯುಧನ ಎಬ್ಬಿಸ್ತಾರೇನೇ!" ಮುತ್ತಮ್ಮ ಗಾಬರಿಯಿಂದ ಎರಡೂ ಕೈ ಜಾಕಿಗೆ ಅಡ್ಡ ಹಿಡಿದರು. "ಜಾಕೆಂತಕ್ಕೆ? ಸುಮ್ಕೆ ಹೋಗು. ನಿಂಗೆ ಜೀಪ್ ಅದಲ್ಲ."

"ಜಾಕ್ ಇಲ್ದೆ ಬೇಡ ಅವ್ವ," ಅಂದ ಶಿವಪ್ರಕಾಶ. ಅವನಿಗೂ ಪೇಚಾಟವಾಗಿತ್ತು. ಹೆಂಡತಿಯ ಮುಖ ನೋಡಿದ, ಅವ್ವನ ಮುಖ ನೋಡಿದ, ಕೊನೆಗೆ ಜಾಕಿನ ಮುಖ ನೋಡಿದ. ಮೂವರಲ್ಲಿ ಜಾಕೇ ಸಮಾಧಾನದಿಂದಿತ್ತು. ಇದ್ದಕ್ಕಿದ್ದಂತೆ ಅವನ ಕಣ್ಣು ಅರಳಿತು. "ಒಂದ್ ಕೆಲ್ಸ ಮಾಡಣ. ನಾಳೆ ಪೂಜೆ ಇಳಿಸಿ ಎಲ್ರೂ ಹೋಗಣ! ನಾನೇ ಓಡಿಸ್ತೀನಿ. ನಿಂಗೂ ಸುಸ್ತಿರಲ್ಲ."

"ನಾನೂ ಬತ್ತೀನಪ್ಪ," ಅಂದರು ಮುತ್ತಮ್ಮ. "ವನಜನ ಕೈನ ಕಡುಬು ತಿಂದು ಯಾವ ಕಾಲ ಆಯ್ತೋ."

"ಜಾಕ್ ಒತ್ತಕ್ಕೆ ಒಬ್ರು ತಿಳ್ದೋರು ಇರ್ಬೇಕು," ಅಂದ ಬೇಲಿಯಾಚೆಯಿಂದ ಕೆಂಪಣ್ಣ. "ನಾನು ನಮ್ಮನೆಯವ್ಳು ಇಬ್ರೂ ಬತ್ತೀವಿ. ನಮಗೇನು, ಹಿಂದೆ ಹಲಗೆ ಮ್ಯಾಲೆ ಕೂತ್ಕತ್ತೀವಿ."

ಶಿವಪ್ರಕಾಶ ತಡಮಾಡಲಿಲ್ಲ. ಅಲ್ಲೇ ನಿಂತು ವನಜಮ್ಮನಿಗೆ ಫೋನ್ ಹಚ್ಚಿದ. "ಅತ್ತಿಗೆ, ಪ್ರೋಗ್ರಾಂ ಚೇಂಜು. ಇವತ್ತಲ್ಲ, ನಾಳೆ ಮಧ್ಯಾಹ್ನಕ್ಕೆ ಎಲ್ರೂ ಬರ್ತಾ ಇದೀವಿ. ಅವ್ವಾನೂ ಬರ್ತಾಳೆ, ಕೆಂಪಣ್ಣ ಮಾವನ ಮನೆಯವ್ರೂ ಬರ್ತಾರೆ. ಏನೂ ತೊಂದ್ರೆ ತಗೋಬೇಡಿ… ಕಡುಬು ಮಾತ್ರ ಸಾಕು. ತಗೊಳಿ, ವೀಣಾ ಮಾತಾಡ್ತಾಳೆ."

ವೀಣಾ ಫೋನ್ ಕಿವಿಗಿಟ್ಟುಕೊಂಡಳು. ಆ ಕಡೆ ಅಕ್ಕ ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು. ಒಂದು ಕೋಳಿ ಕೂಗಿತು.

"ಎಷ್ಟು ಜನಕ್ಕೆ ಅಕ್ಕಿ ನೆನೆಹಾಕ್ಲಿ?" ಅಂದಳು 'ಗಂಜಿ ಕುಡ್ಕೊಂಡು ಕೂತ್ಕೊಳ್ಳೋಣ' ಎಂದಿದ್ದ ಅಕ್ಕ.

ವೀಣಾ ಪೂಜೆಯ ಮಣೆಗೆ ಬೆನ್ನು ತಿರುಗಿಸಿದಳು. "ಆಮೇಲೆ ಹೇಳ್ತೀನಿ ಅಕ್ಕ," ಅಂದು ಫೋನಿಟ್ಟಳು.

ಊಟವಾಯಿತು. ಏನು ಉಂಡೆ ಎಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಎಲ್ಲಿ ತಪ್ಪಿದೆ ಎಂದು ಮತ್ತೆ ಮತ್ತೆ ಎಣಿಸಿದಳು. ಜಾಕಿಲ್ಲ ಎಂದು ಹೋಗಲಾಗದೆ ಇದ್ದವಳು ಜಾಕು ತಂದಳು. ತಂದದ್ದರಿಂದಲೇ ಈಗ ಹೋಗಲಾಗುತ್ತಿಲ್ಲ. ಮುರಿದ ಜಾಕೇ ಇದ್ದಿದ್ದರೆ, ಉಜ್ಜದೆ ಬಿಟ್ಟಿದ್ದರೆ, ಅದು ಗಟ್ಟಿ ಇದೆಯೆಂದು ನಂಬಿಕೊಂಡು ಎಲ್ಲರೂ ಕಳಿಸುತ್ತಿದ್ದರು. ಆದರೆ ಉಜ್ಜದಿದ್ದರೂ ಅದನ್ನು ಪೂಜೆಗೆ ಇಡುತ್ತಿದ್ದರಲ್ಲ? ಎಲ್ಲಿಂದ ಬಿಚ್ಚಿದರೂ ಗಂಟು ಅಲ್ಲೇ ಇತ್ತು.

"ಗಾಡಿಗಳ ಸುತ್ತು ಬಾಕಿ ಅದೆ," ಎಂದು ಮುತ್ತಮ್ಮ ಎಬ್ಬಿಸಿದರು.

"ಗಾಡೀನೂ ಪೂಜೆ ಆಗಿದೆಯಲ್ಲ ಅತ್ತೆ? ಅದನ್ನ ಮುಟ್ಟಬಹುದಾ?"

"ಗಾಡಿ ಓಡ್ಬೇಕು ಕಣೇ, ಅದೇ ಅದರ ಪೂಜೆ. ನಿಂಬೆಹಣ್ಣು ಹತ್ತಿಸಿ, ಬಸವಣ್ಣನ ಗುಡಿ ಬಳಸ್ಕಂಡು ಬರ್ಬೇಕು. ನಿಂಗೆ ಪ್ರತಿ ವರ್ಷ ಹೇಳ್ಕೊಡ್ಬೇಕಾ?"

"ಟ್ರ್ಯಾಕ್ಟರ್ ನಾನು ತಗೊಂಡು ಹೋಗ್ತೀನಿ," ಅಂದ ಶಿವಪ್ರಕಾಶ. "ಜೀಪ್ ನೀನು ತಾ." ಬೇಜಾರಾದ ಹೆಂಡತಿಗೆ ಅಷ್ಟಾದರೂ ಸಂತೋಷವಾಗಲಿ ಅನ್ನುವ ಉದಾರತೆ ಅವನ ದನಿಯಲ್ಲಿತ್ತು. ಕೆಂಪಣ್ಣ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಹತ್ತಿ ಕೂತ. ಟ್ರ್ಯಾಕ್ಟರು ನಿಂಬೆಹಣ್ಣು ಚಚ್ಚಿಕೊಂಡು ಢಗಢಗ ಎನ್ನುತ್ತಾ ಮುಂದೆ ಹೋಯಿತು. ಮುತ್ತಮ್ಮ ಬೀದಿಯವರಿಗೆ ಕಡ್ಲೆಪುರಿ ಹಂಚುತ್ತಾ, ಹೊಸ ಜಾಕನ್ನು ತೋರಿಸುತ್ತಾ ನಿಂತರು.

ವೀಣಾ ಜೀಪು ಹತ್ತಿದಳು. ಸೀಟಿನ ಅಡಿಯಲ್ಲಿ ಚೀಲ ಹಾಗೇ ಇತ್ತು. ಹಿಂದೆ ಹಲಗೆಗಳೂ ಇದ್ದವು. ಮರದ ತುಂಡು ಆಯುಧವಲ್ಲವೆಂದು ಮುತ್ತಮ್ಮ ಅವುಗಳನ್ನು ಮುಟ್ಟಿರಲಿಲ್ಲ. ನಾಲ್ಕೂ ಚಕ್ರಗಳ ಕೆಳಗೆ ನಿಂಬೆಹಣ್ಣು ಪಚಕ್ಕೆಂದಿತು.

ಬಸವಣ್ಣನ ಗುಡಿ ಇರುವುದು ದೊಡ್ಡ ರಸ್ತೆ ಸೇರುವಲ್ಲಿ. ಅವಳು ಅಲ್ಲಿಗೆ ಬರುವಷ್ಟರಲ್ಲಿ ಟ್ರ್ಯಾಕ್ಟರು ಗುಡಿ ಬಳಸಿಕೊಂಡು ಎದುರಿಗೆ ಬರುತ್ತಿತ್ತು. ಶಿವಪ್ರಕಾಶ ಟ್ರ್ಯಾಕ್ಟರಿನ ಸದ್ದಿನ ಮೇಲೆ ಕೂಗಿದ: "ಬಳಸ್ಕೊಂಡು ಬಂದ್ಬಿಡು! ಕಾಫಿ ಇಡು!" ಕೆಂಪಣ್ಣ ಕೈಯೆತ್ತಿ ಬಲಕ್ಕೆ ತಿರುಗಿಸುವುದನ್ನು ಅಭಿನಯ ಮಾಡಿ ತೋರಿಸಿದ.

ವೀಣಾ ತಲೆಯಾಡಿಸಿದಳು.

ಟ್ರ್ಯಾಕ್ಟರು ಹಿಂದಕ್ಕೆ ಹೋಯಿತು. ಮುಂದೆ ರಸ್ತೆ ಖಾಲಿ ಇತ್ತು. ಬಲಕ್ಕೆ ತಿರುಗಿದರೆ ಗುಡಿ, ಗುಡಿಯ ಹಿಂದಿನಿಂದ ಮನೆಯ ಬೀದಿ. ನೇರ ಹೋದರೆ ಸೋಮವಾರಪೇಟೆ. ಬೆಳಗ್ಗೆ ಬಕೆಟ್ಟಿನ ಮುಂದೆ ಕೂತಿದ್ದಾಗ ಅವಳ ಹತ್ತಿರ ಜಾಕಿರಲಿಲ್ಲ. ಈಗಲೂ ಇಲ್ಲ. ಇರುವುದು ಎರಡು ಹಲಗೆ. ಚಕ್ರ ಹೂತರೆ ಅವನ್ನು ಕೊಟ್ಟು ನೋಡುವುದು. ಅದಕ್ಕೂ ಬಗ್ಗದಿದ್ದರೆ ಜೀಪನ್ನು ಅಲ್ಲೇ ಬಿಟ್ಟು ನಡೆಯುವುದು. ಒಂದು ಮೈಲಿ ತಾನೇ.

ಜೀಪು ನಿಲ್ಲಿಸಿ, ಬಸವಣ್ಣನಿಗೆ ಕೂತಲ್ಲಿಂದಲೇ ಕೈಮುಗಿದಳು. ಅಕ್ಕನಿಗೆ ಫೋನ್ ಮಾಡಿ ಇಬ್ಬರಿಗಷ್ಟೇ ಅಕ್ಕಿ ಹಾಕು ಅನ್ನಬೇಕು ಅನ್ನಿಸಿತು. ಫೋನನ್ನು ಕೈಗೆ ತೆಗೆದುಕೊಂಡವಳು ಹಾಗೇ ಹಿಂದಕ್ಕೆ ಬಾಗಿ ಅದನ್ನು ಚೀಲದೊಳಗೆ, ಬಟ್ಟೆಗಳ ಅಡಿಗೆ ಸೇರಿಸಿದಳು. ಇಂಡಿಕೇಟರಿನ ಹತ್ತಿರ ಹೋದ ಕೈ ಅದನ್ನು ಮುಟ್ಟದೆ ವಾಪಸ್ಸು ಬಂದು ಸ್ಟೀರಿಂಗನ್ನು ನೆಟ್ಟಗೆ ಹಿಡಿಯಿತು.